ಎನ್ ಎಷ್ಟು? ತೊಟ್ಟಿಯಿಂದ ಜರ್ನಲ್‌ವರೆಗೆ ಒಂದು ಲೇಖನದ ದಾರಿ

ವಿಮರ್ಶೆಗೆಂದು ಬಂದ ಹಸ್ತಪ್ರತಿಯನ್ನು ನಾವು ಮೊದಲ ಪುಟದಿಂದ ಸಾಲಾಗಿ ಓದುವುದಿಲ್ಲ. ಶೀರ್ಷಿಕೆ, ಸಾರಾಂಶದ ಮೇಲೆ ಕಣ್ಣು ಹಾಯಿಸಿ ಸೀದಾ ಚಿತ್ರಗಳಿಗೆ ಹೋಗುತ್ತೇವೆ, ಅಲ್ಲಿಂದ ವಿಧಾನದ ಭಾಗಕ್ಕೆ. ಎಷ್ಟು ಪ್ರಾಣಿಗಳನ್ನು ಅಳೆದಿದ್ದಾರೆ, ಆ ಅಳತೆಗಳು ನಿಜಕ್ಕೂ ಬೇರೆಬೇರೆಯೇ, ಕಂಟ್ರೋಲ್, ಅಂದರೆ ಹೋಲಿಕೆಗೆಂದು ಇಟ್ಟ ಗುಂಪು, ಯಾವುದು ಎಂಬುದು ಗೊತ್ತಾದ ಮೇಲೆಯೇ ಪೀಠಿಕೆಯತ್ತ ನೋಟ. ಪೀಠಿಕೆ ಎಷ್ಟೇ ಸೊಗಸಾಗಿದ್ದರೂ ‘ಎನ್’, ಅಂದರೆ ಒಂದನ್ನೊಂದು ಅವಲಂಬಿಸದ ಅಳತೆಗಳ ಸಂಖ್ಯೆ, ಎಷ್ಟು ಎಂಬಲ್ಲಿ ಎಡವಿದ ಲೇಖನ ಮತ್ತೆ ಎದ್ದು ನಿಲ್ಲುವುದು ಅಪರೂಪ. ಬರವಣಿಗೆಯನ್ನು ತಿದ್ದಬಹುದು, ಲೆಕ್ಕವನ್ನು ಮತ್ತೆ ಹಾಕಬಹುದು, ಆದರೆ ಮುಗಿದುಹೋದ ಪ್ರಯೋಗದ ವಿನ್ಯಾಸವನ್ನು ತಿದ್ದಲಾಗದು. ಆದ್ದರಿಂದ ಇಲ್ಲಿನ ಅರ್ಧ ಮಾತು ‘ಸಬ್‌ಮಿಟ್’ ಗುಂಡಿ ಒತ್ತುವುದಕ್ಕೆ ಬಹಳ ಮುಂಚಿನದು.

ನಾವಿಲ್ಲಿ ಉದಾಹರಣೆಗೆ ಹಿಡಿಯುವ ಜರ್ನಲ್ ಆಫ್ ಎಕ್ಸ್‌ಪೆರಿಮೆಂಟಲ್ ಬಯಾಲಜಿಯನ್ನು ಪ್ರಾಣಿಗಳ ಶರೀರಕ್ರಿಯೆಯ ಕ್ಷೇತ್ರದವರು ಜೆಇಬಿ ಎನ್ನುತ್ತಾರೆ. 1923ರಲ್ಲಿ, ಹೆಸರಿನ ಮುಂದೆ ‘ಬ್ರಿಟಿಷ್’ ಎಂಬ ಪದ ಇಟ್ಟುಕೊಂಡು ಹೊರಟ ಪತ್ರಿಕೆ ಎರಡೇ ವರ್ಷದಲ್ಲಿ ಹಣವಿಲ್ಲದೆ ಮುಳುಗುವುದರಲ್ಲಿತ್ತು. 1925ರಲ್ಲಿ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಪಾರ್ಕರ್ ಬಿಡ್ಡರ್ ‘ಕಂಪನಿ ಆಫ್ ಬಯಾಲಜಿಸ್ಟ್ಸ್’ ಎಂಬ ಸಂಸ್ಥೆ ಕಟ್ಟಿ ಅದನ್ನು ದಡ ಸೇರಿಸಿದರು. ಕೇಂಬ್ರಿಜ್‌ನಲ್ಲಿರುವ ಆ ಲಾಭರಹಿತ ಸಂಸ್ಥೆಯೇ ಇಂದಿಗೂ ಪ್ರಕಾಶಕ. ಪತ್ರಿಕೆಗೆ ಬೇಕಾದದ್ದು ಪ್ರಾಣಿಯ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ: ಉಸಿರಾಟ, ಚಲನೆ, ಇಂದ್ರಿಯ, ಉಷ್ಣ, ಲವಣ ಮತ್ತು ನೀರಿನ ಸಮತೋಲನ, ಇಂಥವು. ಡೆನ್ಮಾರ್ಕಿನ ಶರೀರಕ್ರಿಯಾ ವಿಜ್ಞಾನಿ ಆಗಸ್ಟ್ ಕ್ರೋಗ್ 1929ರಲ್ಲಿ ಹೇಳಿದ ಮಾತು ಈ ವಲಯದಲ್ಲಿ ಮಂತ್ರದಂತೆ ಓಡಾಡುತ್ತದೆ: ಬಹುಪಾಲು ಪ್ರಶ್ನೆಗಳಿಗೆ, ಅವನ್ನು ಅತ್ಯಂತ ಅನುಕೂಲವಾಗಿ ಪರಿಶೀಲಿಸಬಹುದಾದ ಒಂದು ಪ್ರಾಣಿ ಎಲ್ಲೋ ಇದ್ದೇ ಇರುತ್ತದೆ. ಹಸ್ತಪ್ರತಿಯನ್ನು ತೂಗುವಾಗ ಈ ಮಾತು ಎರಡೂ ಕಡೆ ಕೆಲಸ ಮಾಡುತ್ತದೆ. ಪ್ರಶ್ನೆ ಮೊದಲು ಬಂದು ಪ್ರಾಣಿ ಆಮೇಲೆ ಬಂದಿದ್ದರೆ ಲೇಖನಕ್ಕೆ ಬೆನ್ನೆಲುಬು ಇರುತ್ತದೆ. ‘ಈ ಮೀನಿನಲ್ಲಿ ಇದನ್ನು ಇದುವರೆಗೆ ಯಾರೂ ಅಳೆದಿಲ್ಲ’ ಎಂಬುದೊಂದೇ ಕಾರಣವಾದರೆ ಸಂಪಾದಕರ ಮೇಜಿನಿಂದಲೇ ವಾಪಸು ಬರುವ ಸಂಭವ ಹೆಚ್ಚು. ಅಳೆಯದೆ ಬಿಟ್ಟದ್ದು ಲೋಕದಲ್ಲಿ ಬೇಕಾದಷ್ಟಿದೆ.

ಮಾತಿಗೊಂದು ಪ್ರಯೋಗ ಇಟ್ಟುಕೊಳ್ಳೋಣ. ಎರಡು ಗ್ರಾಂ ತೂಗುವ ಒಂದು ಸಣ್ಣ ಮೀನು. ನೀರು ಬೆಚ್ಚಗಾದರೆ ಅದರ ಆಮ್ಲಜನಕ ಬಳಕೆ ಎಷ್ಟು ಏರುತ್ತದೆ, ಕೆಲವು ವಾರ ಬೆಚ್ಚನೆಯ ನೀರಿನಲ್ಲಿ ಬೆಳೆಸಿದರೆ ಆ ಏರಿಕೆ ತಗ್ಗುತ್ತದೆಯೇ ಎಂಬುದು ಪ್ರಶ್ನೆ. ತಂಪಿನ ಗುಂಪಿಗೆ ಮೂರು ತೊಟ್ಟಿ, ಬಿಸಿಯ ಗುಂಪಿಗೆ ಮೂರು, ತೊಟ್ಟಿಗೆ ಇಪ್ಪತ್ತು ಮೀನು. ವಿಧಾನದಲ್ಲಿ ‘ಪ್ರತಿ ಗುಂಪಿಗೆ ಎನ್ 60’ ಎಂದು ಬರೆಯುತ್ತಾರೆ. ಪೆಟ್ಟು ಬೀಳುವುದು ಇಲ್ಲೇ. ಉಷ್ಣತೆಯನ್ನು ಕೊಟ್ಟದ್ದು ಮೀನಿಗಲ್ಲ, ತೊಟ್ಟಿಗೆ. ಒಂದು ತೊಟ್ಟಿಯಲ್ಲಿ ಸೋಂಕು ಬಂದರೆ, ಫಿಲ್ಟರ್ ಕಟ್ಟಿಕೊಂಡರೆ, ಒಂದು ದಾಂಡಿಗ ಮೀನು ಉಳಿದವನ್ನು ಹೆದರಿಸಿ ಇಟ್ಟರೆ ಇಪ್ಪತ್ತೂ ಒಟ್ಟಿಗೆ ಬದಲಾಗುತ್ತವೆ. ಹಾಗಾಗಿ ಉಷ್ಣತೆಯ ಪರಿಣಾಮ ಕೇಳುವಾಗ ಎನ್ ಎಂದರೆ ಮೂರು. ಪರಿಸರ ವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಇದಕ್ಕೆ ಸ್ಯೂಡೊರೆಪ್ಲಿಕೇಶನ್, ಅಂದರೆ ಹುಸಿ ಪುನರಾವರ್ತನೆ, ಎಂದು ಹೆಸರಿಟ್ಟರು. ಅಂದಿನಿಂದ ವಿಮರ್ಶಕರ ಕೈಯಲ್ಲಿರುವ ಅತಿ ಹರಿತವಾದ ಕತ್ತಿ ಅದೇ. ಯಾವ ಮೀನು ಯಾವ ತೊಟ್ಟಿಯದು ಎಂಬುದನ್ನೂ ಲೆಕ್ಕಕ್ಕೆ ಸೇರಿಸುವ ಸಂಖ್ಯಾಶಾಸ್ತ್ರದ ಮಿಶ್ರ ಮಾದರಿ (ಮಿಕ್ಸ್‌ಡ್ ಮಾಡೆಲ್) ಹಾಕಿದರೆ ಲೆಕ್ಕ ಸರಿಹೋಗುತ್ತದೆ, ಆದರೆ ಮೂರು ತೊಟ್ಟಿಯಿಂದ ಹುಟ್ಟುವ ಅನಿಶ್ಚಿತತೆ ದೊಡ್ಡದಾಗಿಯೇ ಉಳಿಯುತ್ತದೆ. ಪ್ರತಿ ಗುಂಪಿನ ಅದೇ ಅರವತ್ತು ಮೀನನ್ನು ಹನ್ನೆರಡು ತೊಟ್ಟಿಗೆ ಐದರಂತೆ ಹಂಚಿದ್ದರೆ ಮೀನೂ ಅಷ್ಟೇ, ಆಹಾರವೂ ಅಷ್ಟೇ, ತೊಳೆಯಬೇಕಾದ ತೊಟ್ಟಿಗಳಷ್ಟೇ ಹೆಚ್ಚು. ಇನ್ನು ಬಿಸಿಯ ತೊಟ್ಟಿಗಳಿಗೆಲ್ಲ ಒಂದೇ ಹೀಟರಿನ ನೀರು ಹರಿಯುತ್ತಿದ್ದರೆ ಎನ್ ಒಂದಕ್ಕೇ ಇಳಿಯುತ್ತದೆ. ಅದಕ್ಕೆ ಯಾವ ಮಾದರಿಯಲ್ಲೂ ಮದ್ದಿಲ್ಲ.

ಎರಡನೆಯ ಪೆಟ್ಟು ಕ್ರಮದ್ದು. ಒಂದೇ ಮೀನನ್ನು 20, 25, 30 ಡಿಗ್ರಿಯಲ್ಲಿ ಅಳೆಯುತ್ತೇವೆ. ಸಲಕರಣೆಗೆ ಅನುಕೂಲ ಎಂದು ಎಲ್ಲ ಮೀನಿಗೂ ಅದೇ ಏರಿಕೆಯ ಕ್ರಮ. ಹೀಗೆ ಮಾಡಿದರೆ ಉಷ್ಣತೆಯೂ ಸಮಯವೂ ಜೊತೆಜೊತೆಗೇ ಏರುತ್ತವೆ. ಮೂರನೆಯ ದಿನ ಕಂಡ ಹೆಚ್ಚಳ ಬಿಸಿಯದ್ದೇ, ಮೂರು ದಿನ ಉಪವಾಸ ಮತ್ತು ಬಂಧನದ ಒತ್ತಡದ್ದೇ ಎಂದು ಬೇರೆ ಮಾಡಲು ದಾರಿಯಿಲ್ಲ. ಮೀನುಗಳಿಗೆ ಕ್ರಮವನ್ನು ಚೀಟಿ ಎತ್ತಿ ಹಂಚಬೇಕು. ಅದು ಆಗದಿದ್ದರೆ ಕೊನೆಗೆ ಮತ್ತೆ 20 ಡಿಗ್ರಿಗೆ ಇಳಿಸಿ ಒಂದು ಅಳತೆ ತೆಗೆದುಕೊಳ್ಳಬೇಕು. ಮೊದಲ ಅಳತೆಗೆ ಅದು ಹೊಂದಿದರೆ ವಿಮರ್ಶಕರ ಬಾಯಿ ಕಟ್ಟಿದಂತೆ. ಇದಕ್ಕೆ ತಗಲುವುದು ಒಂದು ದಿನ. ಮಾಡದೆ ಬಿಟ್ಟರೆ ಕೆಲವೊಮ್ಮೆ ಇಡೀ ಪ್ರಯೋಗವನ್ನೇ ಮತ್ತೆ ನಡೆಸಬೇಕಾಗುತ್ತದೆ.

ಅಳತೆಯ ಉಪಕರಣಕ್ಕೆ ಬಂದರೆ, ಮೀನಿನ ಉಸಿರಾಟಕ್ಕೆ ಈಗ ಹೆಚ್ಚಾಗಿ ಬಳಸುವುದು ಬಿಟ್ಟುಬಿಟ್ಟು ಹರಿಸುವ ರೆಸ್ಪಿರೋಮೀಟರ್. ಚೇಂಬರಿನ ಬಾಗಿಲು ಮುಚ್ಚಿದಾಗ ಒಳಗಿನ ನೀರು ಪಂಪಿನಿಂದ ಸುತ್ತುತ್ತಿರುತ್ತದೆ, ಆಮ್ಲಜನಕ ಇಳಿಯುವ ಇಳಿಜಾರನ್ನು ಸೆನ್ಸರ್ ದಾಖಲಿಸುತ್ತದೆ, ಮತ್ತೆ ಹೊಸ ನೀರು ಬಿಟ್ಟು ತೊಳೆಯುತ್ತಾರೆ. 2021ರಲ್ಲಿ ಜೆಇಬಿಯೇ ಇಂಥ ಅಳತೆಗಳನ್ನು ವರದಿ ಮಾಡುವಾಗ ಏನೇನು ಬರೆಯಲೇಬೇಕು ಎಂಬ ಮಾರ್ಗಸೂಚಿಯನ್ನು ಪ್ರಕಟಿಸಿತು. ಅದನ್ನು ಬರೆಯುವಾಗಲ್ಲ, ಪ್ರಯೋಗಕ್ಕೆ ಮೊದಲೇ ಮುದ್ರಿಸಿ ಗೋಡೆಗೆ ಅಂಟಿಸಿಕೊಳ್ಳುವುದು ಜಾಣತನ. ಹೆಚ್ಚು ಜನ ಮರೆಯುವುದು ಎರಡು. ಮೊದಲನೆಯದು ನಳಿಕೆಯ ಗಾತ್ರ. ಚೇಂಬರ್ 100 ಮಿಲಿಲೀಟರ್, ಮೀನು ಸುಮಾರು 2, ಆದ್ದರಿಂದ ನೀರು 98 ಎಂದು ಲೆಕ್ಕ ಹಿಡಿಯುತ್ತಾರೆ. ಪಂಪ್ ಮತ್ತು ನಳಿಕೆಯೊಳಗೆ ಇನ್ನೂ 12 ಮಿಲಿಲೀಟರ್ ಸುತ್ತುತ್ತಿದ್ದರೆ ನಿಜವಾದ ನೀರು 110. ಇಳಿಜಾರನ್ನು 98ರಿಂದ ಗುಣಿಸಿದಾಗ ಉತ್ತರ ಸುಮಾರು ಶೇ. 11ರಷ್ಟು ಕಡಿಮೆ ಬರುತ್ತದೆ. ಎಲ್ಲ ಮೀನಿಗೂ ಒಂದೇ ತಪ್ಪಾದ್ದರಿಂದ ಹೋಲಿಕೆ ಕೆಡುವುದಿಲ್ಲ, ಆದರೆ ಬೇರೆಯವರ ಅಂಕಿಗಳೊಂದಿಗೆ ಇಟ್ಟಾಗ ತಾಳೆಯಾಗುವುದಿಲ್ಲ. ಎರಡನೆಯದು ಬ್ಯಾಕ್ಟೀರಿಯಾ. ಚೇಂಬರಿನ ಗೋಡೆಗೆ ಕಟ್ಟುವ ಲೋಳೆಯೂ ಉಸಿರಾಡುತ್ತದೆ, ಬಿಸಿ ನೀರಿನಲ್ಲಿ ಇನ್ನೂ ಜೋರಾಗಿ. ಮೀನು ಬಿಡುವ ಮೊದಲು ಒಮ್ಮೆ, ತೆಗೆದ ಮೇಲೆ ಒಮ್ಮೆ ಖಾಲಿ ಚೇಂಬರನ್ನು ಅಳೆದು, ನಡುವಿನ ಸಮಯಕ್ಕೆ ತಕ್ಕಂತೆ ಕಳೆಯಬೇಕು. ಇದನ್ನು ಮಾಡದವರ ‘ಬಿಸಿಯ ಪರಿಣಾಮ’ದಲ್ಲಿ ಎಷ್ಟು ಮೀನಿನದು, ಎಷ್ಟು ಲೋಳೆಯದು ಎಂದು ಯಾರಿಗೂ ತಿಳಿಯದು.

ದೇಹತೂಕದ ವಿಚಾರದಲ್ಲಿ ಹಳಬರೂ ಜಾರುತ್ತಾರೆ. ಆಮ್ಲಜನಕ ಬಳಕೆಯನ್ನು ತೂಕದಿಂದ ಭಾಗಿಸಿ ‘ಪ್ರತಿ ಗ್ರಾಂಗೆ ಇಷ್ಟು’ ಎಂದು ಬರೆದರೆ ತೂಕದ ಪ್ರಭಾವ ಹೋಯಿತು ಎಂಬ ನಂಬಿಕೆ ಇದೆ. ಹೋಗುವುದಿಲ್ಲ. ಬಳಕೆ ತೂಕದ ಸುಮಾರು 0.75ರ ಘಾತದಂತೆ ಏರುತ್ತದೆ ಎಂದಿಟ್ಟುಕೊಂಡರೆ, ಹತ್ತು ಪಟ್ಟು ತೂಗುವ ಮೀನು ಬಳಸುವುದು 5.6 ಪಟ್ಟು ಮಾತ್ರ. ಗ್ರಾಂ ಲೆಕ್ಕದಲ್ಲಿ ಅದು ಚಿಕ್ಕ ಮೀನಿನ 0.56 ಭಾಗಕ್ಕೆ ಇಳಿದಂತೆ ಕಾಣುತ್ತದೆ. ಬೆಚ್ಚನೆಯ ತೊಟ್ಟಿಯ ಮೀನುಗಳು ದಪ್ಪಗೆ ಬೆಳೆದಿದ್ದರೆ, ಬರೀ ಗಾತ್ರದಿಂದ ಬಂದ ಈ ಇಳಿಕೆಯನ್ನು ‘ಒಗ್ಗಿಕೊಂಡಿವೆ’ ಎಂದು ಓದಿಬಿಡುತ್ತೇವೆ. ಎರಡನ್ನೂ ಲಾಗ್‌ಗೆ ಬದಲಿಸಿ, ತೂಕವನ್ನು ಸಹಚರಾಂಶವಾಗಿ (ಕೋವೇರಿಯೇಟ್), ಅಂದರೆ ಜೊತೆಗೇ ಲೆಕ್ಕಕ್ಕೆ ಹಿಡಿಯುವ ಅಂಶವಾಗಿ, ಮಾದರಿಯೊಳಗೆ ಹಾಕುವುದೇ ಸರಿ. ಹಾಗೆ ಮಾಡಿದ್ದೇವೆ ಎಂದು ವಿಧಾನದಲ್ಲಿ ಒಂದು ವಾಕ್ಯ ಇದ್ದರೆ ಸಾಕು, ಒಂದು ಸುತ್ತು ಪತ್ರವ್ಯವಹಾರ ಉಳಿಯುತ್ತದೆ.

ಸಂಖ್ಯಾಶಾಸ್ತ್ರದ ತಪ್ಪುಗಳನ್ನು ವಿಮರ್ಶಕರು ದತ್ತಾಂಶ ತೆರೆಯದೆಯೇ ಹಿಡಿಯಬಲ್ಲರು. ಹನ್ನೆರಡು ಮೀನು, ಮೂರು ಉಷ್ಣತೆ, ಮೂವತ್ತಾರು ಅಳತೆ. ಫಲಿತಾಂಶದಲ್ಲಿ ಗುಂಪುಗಳನ್ನು ಹೋಲಿಸುವ ಪರೀಕ್ಷೆಯ ಎಫ್ ಮೌಲ್ಯದ ಕೆಳಗೆ 2 ಮತ್ತು 33 ಎಂಬ ಡಿಗ್ರಿ ಆಫ್ ಫ್ರೀಡಂ (ಲೆಕ್ಕಕ್ಕೆ ಸಿಗುವ ಸ್ವತಂತ್ರ ಅಳತೆಗಳ ಎಣಿಕೆ) ಕಂಡರೆ ಗುಟ್ಟು ಬಯಲಾಯಿತು: ಒಂದೇ ಮೀನಿನ ಮೂರು ಅಳತೆಗಳನ್ನು ಮೂರು ಬೇರೆ ಮೀನುಗಳೆಂದು ಎಣಿಸಿದ್ದಾರೆ. ಮೀನಿನ ಗುರುತು ಇಟ್ಟುಕೊಂಡು ಮಾಡಿದ ವಿಶ್ಲೇಷಣೆಯಲ್ಲಿ ಅದು 2 ಮತ್ತು 22 ಆಗಬೇಕಿತ್ತು. ಇದಕ್ಕಾಗಿಯೇ ಪಿ ಮೌಲ್ಯವನ್ನಷ್ಟೇ (ಪರಿಣಾಮವೇ ಇಲ್ಲದಿದ್ದರೂ ಇಷ್ಟಾದರೂ ದೊಡ್ಡ ವ್ಯತ್ಯಾಸ ಕಾಣುವ ಸಂಭವ) ಬರೆಯದೆ ಪರೀಕ್ಷೆಯ ಹೆಸರು, ಮೌಲ್ಯ, ಡಿಗ್ರಿ ಆಫ್ ಫ್ರೀಡಂ ಎಲ್ಲವನ್ನೂ ಕೇಳುತ್ತಾರೆ. ಹಾಗೆಯೇ ಉಷ್ಣಗುಣಾಂಕ ಕ್ಯೂ10, ಅಂದರೆ ಹತ್ತು ಡಿಗ್ರಿ ಏರಿದಾಗ ಬಳಕೆ ಎಷ್ಟು ಪಟ್ಟಾಗುತ್ತದೆ ಎಂಬುದು. ಐದು ಡಿಗ್ರಿ ಏರಿದಾಗ ಬಳಕೆ 40ರಿಂದ 60ಕ್ಕೆ, ಅಂದರೆ 1.5 ಪಟ್ಟು ಆಗಿದ್ದರೆ ಹತ್ತು ಡಿಗ್ರಿಯ ಗುಣಾಂಕ 1.5ರ ವರ್ಗ, 2.25. ಐದನ್ನು ದುಪ್ಪಟ್ಟು ಮಾಡಿದರೆ ಹತ್ತು, ಆದ್ದರಿಂದ 1.5 ದುಪ್ಪಟ್ಟಾಗಿ 3 ಎಂದು ಬರೆದ ಹಸ್ತಪ್ರತಿಗಳು ಬರುತ್ತಲೇ ಇರುತ್ತವೆ. ಕ್ಯಾಲ್ಕುಲೇಟರ್‌ನಲ್ಲಿ ಹತ್ತು ಸೆಕೆಂಡಿನ ಕೆಲಸ. ಸಿಕ್ಕಿಬಿದ್ದರೆ ಉಳಿದ ಎಲ್ಲ ಅಂಕಿಗಳ ಮೇಲೂ ಅನುಮಾನ.

ಇನ್ನು ಇಪ್ಪತ್ತು ಅಂಶಗಳನ್ನು ಅಳೆದು ಒಂದರ ಪಿ ಮೌಲ್ಯ ಮಾತ್ರ ವಾಡಿಕೆಯ ಮಿತಿಯಾದ 0.05ರೊಳಗೆ ಬಂತೆಂದು ಅದನ್ನೇ ಶೀರ್ಷಿಕೆ ಮಾಡುವವರಿಗೆ ಒಂದು ಲೆಕ್ಕ. ನಿಜದಲ್ಲಿ ಯಾವ ಪರಿಣಾಮವೂ ಇಲ್ಲದಿದ್ದರೂ, ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳಲ್ಲಿ ಕನಿಷ್ಠ ಒಂದಾದರೂ ಹೀಗೆ ಸುಳ್ಳಾಗಿ ಬೀಗುವ ಸಂಭವ ಶೇ. 64. ಪಿ 0.06 ಬಂದಾಗ ‘ಏರುವ ಒಲವು ಕಂಡಿತು’ ಎಂದು ಬರೆಯುವುದನ್ನೂ ಬಿಡಬೇಕು. ವ್ಯತ್ಯಾಸ ಎಷ್ಟು, ಅದರ ವಿಶ್ವಾಸದ ಮಿತಿ (ಕಾನ್ಫಿಡೆನ್ಸ್ ಇಂಟರ್ವಲ್) ಎಲ್ಲಿಂದ ಎಲ್ಲಿಗೆ ಎಂದು ಕೊಟ್ಟರೆ ಓದುವವರೇ ತೂಗಿಕೊಳ್ಳುತ್ತಾರೆ.

ದತ್ತಾಂಶದ ಕಡತಗಳ ಬಗ್ಗೆ ಚಿಕ್ಕದೊಂದು ಎಚ್ಚರಿಕೆ. ಎಕ್ಸೆಲ್ ಕೆಲವು ಜೀನ್ ಹೆಸರುಗಳನ್ನು ತಾರೀಖೆಂದು ತಿಳಿದು ಬದಲಿಸುತ್ತಿತ್ತು. ‘ಮಾರ್ಚ್1’ ಎಂಬ ಜೀನ್ ಮಾರ್ಚ್ ತಿಂಗಳ ಮೊದಲ ದಿನವಾಗುತ್ತಿತ್ತು. ಈ ಕಾಟ ತಾಳಲಾರದೆ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಕೆಲವು ಹೆಸರುಗಳನ್ನು ಬದಲಿಸಿತು. ಹೆಸರು ಬದಲಾದರೂ ಹಳೆಯ ಕಡತಗಳು ಹಾಗೇ ಉಳಿದಿವೆ. ಮೂಲ ಕಡತವನ್ನು ಬೀಗ ಹಾಕಿದಂತೆ ಇಟ್ಟು, ಎಲ್ಲ ಬದಲಾವಣೆಯನ್ನು ಆರ್ ಅಥವಾ ಪೈಥಾನ್ ಸ್ಕ್ರಿಪ್ಟ್‌ನಲ್ಲಿ ಮಾಡುವುದು ಕ್ಷೇಮ. ಒಂದು ವರ್ಷದ ಮೇಲೆ ವಿಮರ್ಶಕರು ‘ಆ ಎರಡು ಹೊರಗುಳಿದ ಬಿಂದುಗಳನ್ನು ಸೇರಿಸಿ ನೋಡಿ’ ಎಂದಾಗ ಒಂದು ಸಾಲು ಬದಲಿಸಿ ಓಡಿಸಿದರೆ ಮುಗಿಯಿತು.

ಬರೆಯುವುದಕ್ಕೆ ಕೂತಾಗ ನಮ್ಮ ಕ್ರಮ ಹೀಗೆ: ಮೊದಲು ಚಿತ್ರಗಳು, ಆಮೇಲೆ ವಿಧಾನ, ಫಲಿತಾಂಶ, ಚರ್ಚೆ, ಪೀಠಿಕೆ, ಕೊನೆಗೆ ಸಾರಾಂಶ. ವಿಧಾನವನ್ನು ಪ್ರಯೋಗ ನಡೆಯುತ್ತಿರುವಾಗಲೇ ಬರೆದಿಡಬೇಕು; ಆರು ತಿಂಗಳಾದರೆ ಪಂಪಿನ ವೇಗವೂ ನೆನಪಿರದು. ಬೇರೆ ಪ್ರಯೋಗಾಲಯದಲ್ಲಿ ಕೂತವರು ಫೋನ್ ಮಾಡದೆ ಇದನ್ನು ಮತ್ತೆ ಮಾಡಬಲ್ಲರೇ ಎಂಬುದೇ ಅಳತೆಗೋಲು. ‘10,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಸುತ್ತು) ಸೆಂಟ್ರಿಫ್ಯೂಜ್ ಮಾಡಲಾಯಿತು’ ಎಂಬ ವಾಕ್ಯ ಅವರಿಗೆ ಪ್ರಯೋಜನವಿಲ್ಲ, ಏಕೆಂದರೆ ಬಲ ರೋಟರಿನ ತ್ರಿಜ್ಯವನ್ನು ಅವಲಂಬಿಸಿದೆ. ಸೆಂಟಿಮೀಟರಿನಲ್ಲಿ ತ್ರಿಜ್ಯ, ಗುಣಿಸು ಆರ್‌ಪಿಎಂನ ವರ್ಗ, ಗುಣಿಸು 0.00001118: ಇದು ಗುರುತ್ವದ ಎಷ್ಟು ಪಟ್ಟು ಎಂಬ ಲೆಕ್ಕ. ಎಂಟು ಸೆಂಟಿಮೀಟರ್ ರೋಟರಿನಲ್ಲಿ 10,000 ಸುತ್ತು ಎಂದರೆ ಸುಮಾರು 8,900 ಜಿ, ಹತ್ತು ಸೆಂಟಿಮೀಟರಿನದರಲ್ಲಿ 11,000ಕ್ಕೂ ಮೇಲೆ. ಮೀನಿಗೆ ಅರಿವಳಿಕೆಯಾಗಿ ಎಂಎಸ್-222 ಬಳಸಿದ್ದರೆ ಸಾಂದ್ರತೆಯ ಜೊತೆಗೆ ಬಫರ್ ಮಾಡಿದಿರೋ (ಆಮ್ಲತೆ ಏರದಂತೆ ತಡೆದಿರೋ) ಇಲ್ಲವೋ ಬರೆಯಬೇಕು. ಅದು ನೀರನ್ನು ಆಮ್ಲೀಯಗೊಳಿಸುತ್ತದೆ, ಸಾಮಾನ್ಯವಾಗಿ ಸೋಡಿಯಂ ಬೈಕಾರ್ಬನೇಟ್ ಹಾಕಿ ಸರಿಪಡಿಸುತ್ತಾರೆ. ಹಾಕದಿದ್ದರೆ ಮೀನಿನ ಒದ್ದಾಟ ಔಷಧದ್ದೋ ಆಮ್ಲದ್ದೋ ತಿಳಿಯದು. ಪ್ರಾಣಿಗಳ ಲಿಂಗ, ವಯಸ್ಸು, ಮೂಲ, ಆಹಾರ, ಬೆಳಕಿನ ಅವಧಿ, ಪ್ರಯೋಗದ ನಡುವೆ ಸತ್ತವು ಎಷ್ಟು, ಹೊರಗಿಟ್ಟವು ಎಷ್ಟು, ಏಕೆ: ಪ್ರಾಣಿ ಪ್ರಯೋಗಗಳಿಗೆಂದು 2010ರಲ್ಲಿ ಬಂದು 2020ರಲ್ಲಿ ಪರಿಷ್ಕೃತವಾದ ಅರೈವ್ ಮಾರ್ಗಸೂಚಿ ಇವನ್ನೆಲ್ಲ ಕೇಳುತ್ತದೆ. ನೈತಿಕ ಸಮಿತಿಯ ಅನುಮತಿ ಸಂಖ್ಯೆ ಇಲ್ಲದೆ ಹಸ್ತಪ್ರತಿ ಮುಂದಕ್ಕೆ ಹೋಗುವುದೇ ಇಲ್ಲ, ಮತ್ತು ಆ ಅನುಮತಿಯನ್ನು ಪ್ರಯೋಗ ಮುಗಿದ ಮೇಲೆ ಪಡೆಯಲಾಗದು.

ಚಿತ್ರಗಳಲ್ಲಿ ಹೆಚ್ಚು ಸಮಯ ತಿನ್ನುವುದು ಗಾತ್ರ. ಇಡೀ ಪರದೆಯ ಮೇಲೆ ಚೆನ್ನಾಗಿ ಕಂಡ ಗ್ರಾಫ್ ಮುದ್ರಣದ ಒಂದು ಕಾಲಮ್ಮಿಗೆ, ಅಂದರೆ ಎಂಟೂವರೆ ಸೆಂಟಿಮೀಟರಿನ ಆಸುಪಾಸಿಗೆ ಇಳಿದಾಗ ಅಕ್ಷರಗಳು ಇರುವೆಯ ಸಾಲಾಗುತ್ತವೆ. ಮೊದಲಿನಿಂದಲೇ ಆ ಅಗಲದಲ್ಲಿ ಬರೆದು, ಅಕ್ಷರ ಏಳೆಂಟು ಪಾಯಿಂಟ್ ಇಟ್ಟು, ಕಾಗದದ ಮೇಲೆ ಮುದ್ರಿಸಿ ಕೈಯಳತೆಯ ದೂರದಲ್ಲಿ ಹಿಡಿದು ನೋಡಬೇಕು. ಗ್ರಾಫ್‌ಗಳನ್ನು ವೆಕ್ಟರ್ ಕಡತವಾಗಿ ಉಳಿಸಿ, ಸೂಕ್ಷ್ಮದರ್ಶಕದ ಚಿತ್ರಗಳನ್ನು ಟಿಫ್ ಆಗಿ. ಜೆಪೆಗ್ ಪ್ರತಿ ಸಲ ಉಳಿಸಿದಾಗಲೂ ಒಂದಿಷ್ಟು ವಿವರ ನುಂಗುತ್ತದೆ. ‘400 ಪಟ್ಟು ದೊಡ್ಡದು’ ಎಂದು ಬರೆಯಬೇಡಿ, ಚಿತ್ರದ ಗಾತ್ರ ಬದಲಾದ ಕೂಡಲೇ ಅದು ಸುಳ್ಳು. ಅಳತೆಪಟ್ಟಿಯನ್ನು ಚಿತ್ರದೊಳಗೇ ಹಾಕಿ. ಕೆಂಪು-ಹಸಿರು ಜೋಡಿಯ ಬದಲು ಮೆಜೆಂಟಾ-ಹಸಿರು ಬಳಸಿ, ಬಣ್ಣಗುರುಡಿರುವ ವಿಮರ್ಶಕರಿಗೂ ಕಾಣಲಿ. ಬರೀ ಕಂಬಗಳ ಗ್ರಾಫ್ ಬೇಡ. ಪ್ರತಿ ಪ್ರಾಣಿಯನ್ನೂ ಒಂದು ಚುಕ್ಕಿಯಾಗಿ ತೋರಿಸಿ, ಒಂದೇ ಮೀನಿನ ಚುಕ್ಕಿಗಳನ್ನು ಗೆರೆಯಿಂದ ಸೇರಿಸಿ. ಕಂಬದ ನೆತ್ತಿಯ ಗೆರೆ ಏನೆಂದು ಹೇಳದೆ ಬಿಡುವುದಂತೂ ಹಳೆಯ ಚಾಳಿ. ಅಳತೆಗಳ ಹರಡಿಕೆ ಹೇಳುವ ಪ್ರಮಾಣಿತ ವಿಚಲನೆ 8, ಎನ್ 16 ಆದರೆ ಸರಾಸರಿಯ ಅನಿಶ್ಚಿತತೆ ಹೇಳುವ ಪ್ರಮಾಣಿತ ದೋಷ 2. ಗೆರೆ ಕಾಲು ಭಾಗಕ್ಕೆ ಕುಗ್ಗಿ ಗ್ರಾಫ್ ಅಚ್ಚುಕಟ್ಟಾಗುತ್ತದೆ. ದತ್ತಾಂಶ ಮಾತ್ರ ಹಾಗೇ ಇರುತ್ತದೆ.

ಪ್ರೋಟೀನ್ ಅಥವಾ ಡಿಎನ್‌ಎ ಪಟ್ಟೆಗಳನ್ನು ತೋರಿಸುವ ಜೆಲ್ ಅಥವಾ ಬ್ಲಾಟ್ ಚಿತ್ರ ಇದ್ದರೆ ಹೊಳಪು ಹೊಂದಾಣಿಕೆಯನ್ನು ಇಡೀ ಚಿತ್ರಕ್ಕೆ ಒಂದೇ ಸಮ ಮಾಡಬೇಕು, ಒಂದು ಪಟ್ಟೆಗೆ ಮಾತ್ರ ಅಲ್ಲ. ಬೇರೆ ಕಡೆಯ ಓಣಿಗಳನ್ನು (ಲೇನ್) ಪಕ್ಕಪಕ್ಕ ತಂದಿದ್ದರೆ ನಡುವೆ ಗೆರೆ ಎಳೆದು ವಿವರಣೆಯಲ್ಲಿ ಹೇಳಬೇಕು. ಒಪ್ಪಿಗೆಗೆ ಮುಂಚೆ ಚಿತ್ರಗಳನ್ನು ಪರೀಕ್ಷಿಸುವ ಪದ್ಧತಿ ಈಗ ಹಲವು ಜರ್ನಲ್‌ಗಳಲ್ಲಿದೆ, ಮೂಲ ಚಿತ್ರ ಕೇಳಿದಾಗ ‘ಆ ಕಂಪ್ಯೂಟರ್ ಕೆಟ್ಟುಹೋಯಿತು’ ಎಂಬ ಉತ್ತರ ನಡೆಯುವುದಿಲ್ಲ.

ಸಾರಾಂಶಕ್ಕೆ ಜೆಇಬಿಯಲ್ಲಿ 250 ಪದಗಳ ಮಿತಿ. ಅದರ ಜೊತೆಗೆ ಬೇರೆ ವಿಷಯದವರಿಗೂ ಅರ್ಥವಾಗುವಂತೆ 15ರಿಂದ 30 ಪದಗಳ ಒಂದು ಪುಟ್ಟ ಹೇಳಿಕೆ ಕೇಳುತ್ತಾರೆ. ಈ ಮೂವತ್ತು ಪದ ಬರೆಯಲು ಕೆಲವೊಮ್ಮೆ ಇಡೀ ಚರ್ಚೆಯ ಭಾಗಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಬರೆಯಲಾಗದಿದ್ದರೆ ತಪ್ಪು ಹೇಳಿಕೆಯದ್ದಲ್ಲ, ಲೇಖನದಲ್ಲಿ ಇನ್ನೂ ಎರಡು ಲೇಖನಗಳು ಸೇರಿಕೊಂಡಿವೆ ಎಂದು ಅರ್ಥ.

ಸಲ್ಲಿಸುವ ದಿನದ ಕೆಲಸ ಬಹುತೇಕ ಗುಮಾಸ್ತಿಕೆ, ಆದರೂ ಎರಡು ಮೂರು ಕಡೆ ಕಾಲು ಸಿಕ್ಕಿಕೊಳ್ಳುತ್ತದೆ. ಲೇಖಕರ ಪಟ್ಟಿ ಮತ್ತು ಕ್ರಮ ಅಂದೇ ಎಲ್ಲರ ಲಿಖಿತ ಒಪ್ಪಿಗೆಯೊಂದಿಗೆ ತೀರ್ಮಾನವಾಗಿರಬೇಕು. ಯಾರು ಏನು ಮಾಡಿದರು ಎಂದು ಹೇಳುವ ಕ್ರೆಡಿಟ್ ಪಟ್ಟಿಯಲ್ಲಿ 14 ಪಾತ್ರಗಳಿವೆ. ಅದನ್ನು ಹಸ್ತಪ್ರತಿ ಬರೆಯುವ ಮೊದಲೇ ತುಂಬಿದರೆ ಅರ್ಧ ಜಗಳ ಆಗಲೇ ಮುಗಿಯುತ್ತದೆ. ಸಂಪರ್ಕ ಲೇಖಕರು ಒಬ್ಬರು, ಆದರೆ ಯಾರಾಗಬೇಕು ಎಂಬುದರಲ್ಲಿ ಹಣದ ಪ್ರಶ್ನೆಯೂ ಇದೆ: ಮುಕ್ತ ಪ್ರಕಟಣೆಗೆ ಪ್ರಕಾಶಕರೊಂದಿಗಿನ ಒಪ್ಪಂದ ಅನ್ವಯಿಸುವುದು ಹೆಚ್ಚಾಗಿ ಸಂಪರ್ಕ ಲೇಖಕರ ಸಂಸ್ಥೆಯನ್ನು ನೋಡಿ. ಸಲ್ಲಿಸುವ ಮೊದಲೇ ಗ್ರಂಥಾಲಯದವರನ್ನು ಕೇಳಿಕೊಳ್ಳಿ. ಒಪ್ಪಿಗೆ ಬಂದ ಮೇಲೆ ಸಂಪರ್ಕ ಲೇಖಕರನ್ನು ಬದಲಿಸುತ್ತೇವೆ ಎಂದರೆ ಅನುಮಾನದಿಂದ ನೋಡುತ್ತಾರೆ. ವಿಮರ್ಶೆಗೆ ಮುಂಚಿನ ಲೇಖನಗಳನ್ನು ಎಲ್ಲರಿಗೂ ತೆರೆದಿಡುವ ಬಯೋಆರ್ಕೈವ್‌ನಂಥ ಪ್ರಿಪ್ರಿಂಟ್ ತಾಣದಲ್ಲಿ ಮೊದಲೇ ಹಾಕಿದ್ದರೆ ಜೆಇಬಿಗೆ ಅಡ್ಡಿಯಿಲ್ಲ, ಅಲ್ಲಿಂದ ನೇರ ವರ್ಗಾಯಿಸಲೂಬಹುದು. ದತ್ತಾಂಶವನ್ನು ಡ್ರಯಾಡ್ ಅಥವಾ ಫಿಗ್‌ಶೇರ್‌ನಂಥ ದತ್ತಾಂಶ ಭಂಡಾರದಲ್ಲಿಟ್ಟು, ವಿಮರ್ಶಕರಿಗೆ ಮಾತ್ರ ತೆರೆಯುವ ಕೊಂಡಿ ಕೊಡಬಹುದು. ‘ಕೇಳಿದರೆ ಕೊಡುತ್ತೇವೆ’ ಎಂಬ ವಾಕ್ಯದ ಬೆಲೆ ಇಳಿದುಹೋಗಿದೆ. ಬರವಣಿಗೆಗೆ ಭಾಷಾ ಮಾದರಿಗಳ ಸಹಾಯ ಪಡೆದಿದ್ದರೆ ಹೇಳಿಬಿಡಬೇಕು. ಅವುಗಳನ್ನು ಲೇಖಕರ ಪಟ್ಟಿಗೆ ಸೇರಿಸುವಂತಿಲ್ಲ.

ಕವರ್ ಲೆಟರ್ ಅರ್ಧ ಪುಟ ಸಾಕು. ಪ್ರಶ್ನೆ ಏನು, ಉತ್ತರ ಏನು, ಈ ಪತ್ರಿಕೆಯ ಓದುಗರಿಗೆ ಏಕೆ ಬೇಕು. ಸಾರಾಂಶವನ್ನೇ ಅಂಟಿಸಿದ ಪತ್ರಗಳು ಬಹಳ ಬರುತ್ತವೆ, ಹಳೆಯ ಜರ್ನಲ್‌ನ ಹೆಸರು ಉಳಿದುಕೊಂಡ ಪತ್ರಗಳೂ ಬರುತ್ತವೆ. ವಿಮರ್ಶಕರ ಹೆಸರು ಸೂಚಿಸುವಾಗ ಇತ್ತೀಚಿನ ಸಹಲೇಖಕರು, ಗುರುಗಳು, ಅದೇ ಸಂಸ್ಥೆಯವರು ಬೇಡ. ಈ ಅಳತೆಯ ವಿಧಾನವನ್ನು ಸ್ವತಃ ಕೈಯಾರೆ ಮಾಡುವ, ನಡುವಯಸ್ಸಿನ ಸಂಶೋಧಕರ ಹೆಸರು ಕೊಟ್ಟರೆ ಒಳ್ಳೆಯ ವಿಮರ್ಶೆ ಬರುತ್ತದೆ. ಹಿರಿಯ ದಿಗ್ಗಜರಿಗೆ ಬಿಡುವಿರುವುದಿಲ್ಲ, ನೆಪ ಹೇಳಿ ಕಳಿಸುತ್ತಾರೆ, ನಿಮ್ಮ ವಾರಗಳು ಹೋಗುತ್ತವೆ.

ಮೊದಲ ಉತ್ತರ ಬೇಗ ಬಂದರೆ ಸಾಮಾನ್ಯವಾಗಿ ತಿರಸ್ಕಾರ. ವಿಮರ್ಶೆಗೇ ಕಳಿಸಿಲ್ಲ ಎಂದಾದರೆ ವ್ಯಾಪ್ತಿಯ ಮಾತೋ, ಪ್ರಶ್ನೆಯ ತೂಕದ ಮಾತೋ ಇರುತ್ತದೆ. ವಾದಕ್ಕಿಳಿಯದೆ ಬೇರೆ ಕಡೆ ಹೊರಡುವುದು ಲಾಭ. ಜೆಇಬಿಯ ಪ್ರಕಾಶಕರದೇ ಇನ್ನೊಂದು ಪತ್ರಿಕೆಯಾದ ಬಯಾಲಜಿ ಓಪನ್‌ಗೆ ವಿಮರ್ಶೆಗಳ ಸಮೇತ ವರ್ಗಾಯಿಸುವ ದಾರಿಯೂ ಇದೆ. ಮೇಲ್ಮನವಿ ಸಲ್ಲುವುದು ವಿಮರ್ಶಕರು ವಸ್ತುಸ್ಥಿತಿಯಲ್ಲೇ ತಪ್ಪಿದಾಗ, ಉದಾಹರಣೆಗೆ ಪುರವಣಿಯಲ್ಲಿರುವ (ಲೇಖನದ ಜೊತೆ ಕೊಡುವ ಹೆಚ್ಚುವರಿ ಕಡತ) ಕಂಟ್ರೋಲ್ ಇಲ್ಲವೇ ಇಲ್ಲ ಎಂದಾಗ. ಅಭಿರುಚಿಯ ವಿಷಯದಲ್ಲಿ ಅಲ್ಲ.

ವಿಮರ್ಶೆಗಳು ಬಂದ ದಿನ ಓದಿ ಮುಚ್ಚಿಡಬೇಕು. ಎರಡು ದಿನ ಬಿಟ್ಟು ತೆರೆದರೆ, ಅವಮಾನ ಎನಿಸಿದ್ದರಲ್ಲಿ ಮುಕ್ಕಾಲು ಪಾಲು ಸರಿಯಾದ ಪ್ರಶ್ನೆಗಳೆಂದು ಕಾಣುತ್ತದೆ. ಆಮೇಲೆ ಪ್ರತಿ ವಾಕ್ಯವನ್ನೂ ಒಂದು ಕಡತಕ್ಕೆ ಇಳಿಸಿ, ಕೆಳಗೆ ಉತ್ತರ, ಬದಲಾದ ಸಾಲಿನ ಸಂಖ್ಯೆ, ಹೊಸ ವಾಕ್ಯದ ಪೂರ್ಣ ಪಾಠ. ವಿಮರ್ಶಕರು ಹಸ್ತಪ್ರತಿ ಮತ್ತೆ ತೆರೆಯದೆಯೇ ತೃಪ್ತರಾಗುವಂತಿರಬೇಕು. ನಮ್ಮ ಉದಾಹರಣೆಯಲ್ಲೇ ನೋಡಿ. ಪ್ರಶ್ನೆ: ‘ಉಷ್ಣತೆಯ ಕ್ರಮ ಎಲ್ಲ ಮೀನಿಗೂ ಒಂದೇ ಆಗಿದೆ, ಏರಿಕೆ ಸಮಯದ ಪರಿಣಾಮ ಇರಬಹುದಲ್ಲವೇ?’ ಕೆಟ್ಟ ಉತ್ತರ: ‘ಸಲಹೆಗೆ ಧನ್ಯವಾದ. ಹಿಂದಿನ ಅಧ್ಯಯನಗಳಲ್ಲೂ ಇದೇ ಕ್ರಮ ಅನುಸರಿಸಿದ್ದಾರೆ.’ ಒಳ್ಳೆಯ ಉತ್ತರ: ‘ಹೌದು, ಈ ವಿನ್ಯಾಸದಲ್ಲಿ ಎರಡನ್ನೂ ಬೇರ್ಪಡಿಸಲಾಗದು. ಆರು ಹೊಸ ಮೀನುಗಳನ್ನು ಅಷ್ಟೇ ಸಮಯ 20 ಡಿಗ್ರಿಯಲ್ಲೇ ಇಟ್ಟು ಮೂರು ಸಲ ಅಳೆದೆವು. ಫಲಿತಾಂಶ ಹೊಸ ಪುರವಣಿ ಚಿತ್ರದಲ್ಲಿದೆ, ಸಾಲು 212ರಿಂದ 219ರಲ್ಲಿ ಚರ್ಚಿಸಿದ್ದೇವೆ.’ ಹೊಸ ಪ್ರಯೋಗ ಸಾಧ್ಯವೇ ಇಲ್ಲದಿದ್ದರೆ, ತೀರ್ಮಾನವನ್ನು ಕುಗ್ಗಿಸಿ ಮಿತಿಯನ್ನು ಚರ್ಚೆಯಲ್ಲಿ ಒಪ್ಪಿಕೊಳ್ಳುವುದೂ ಉತ್ತರವೇ. ಶೀರ್ಷಿಕೆಯಲ್ಲಿ ‘ಕಾರಣ’ ಎಂದಿದ್ದದ್ದು ‘ಸಂಬಂಧ’ ಆಗುತ್ತದೆ, ಅಷ್ಟೇ.

ಇಬ್ಬರು ವಿಮರ್ಶಕರು ಒಬ್ಬರಿಗೊಬ್ಬರು ವಿರುದ್ಧ ಹೇಳಿದಾಗ ಇಬ್ಬರನ್ನೂ ಮೆಚ್ಚಿಸಲು ಹೋಗಿ ಪಠ್ಯ ಕಲಸುಮೇಲೋಗರವಾಗುತ್ತದೆ. ಸಂಪಾದಕರಿಗೆ ನೇರ ಬರೆದು ಯಾವುದನ್ನು ಅನುಸರಿಸಿದಿರಿ, ಏಕೆ ಎಂದು ಹೇಳಿ, ತೀರ್ಪು ಅವರದ್ದು. ಒಪ್ಪದ ಸಲಹೆಗೆ ಒಪ್ಪುವುದಿಲ್ಲ ಎನ್ನಬಹುದು, ದತ್ತಾಂಶವನ್ನೋ ಲೆಕ್ಕವನ್ನೋ ಮುಂದಿಟ್ಟರೆ ಸಾಕು. ‘ಮಾದರಿ ಗಾತ್ರ ಸಾಕಿತ್ತೇ, ಪ್ರಯೋಗದ ಪವರ್ ಲೆಕ್ಕ ಹಾಕಿ ತೋರಿಸಿ’ ಎಂದು ಕೆಲವರು ಕೇಳುತ್ತಾರೆ; ಪವರ್ ಎಂದರೆ ನಿಜವಾಗಿ ಇರುವ ಪರಿಣಾಮವನ್ನು ಪ್ರಯೋಗ ಹಿಡಿಯುವ ಸಂಭವ. ಬಂದ ಫಲಿತಾಂಶದಿಂದಲೇ ಹಿಂದಕ್ಕೆ ಹಾಕಿದ ಪವರ್, ಪಿ ಮೌಲ್ಯವನ್ನೇ ಬೇರೆ ವೇಷದಲ್ಲಿ ಹೇಳುತ್ತದೆ, ಹೊಸದೇನನ್ನೂ ಹೇಳುವುದಿಲ್ಲ. ವಿಶ್ವಾಸದ ಮಿತಿ ಕೊಟ್ಟು ವಿನಯದಿಂದ ನಿರಾಕರಿಸುವುದು ಸರಿಯಾದ ದಾರಿ.

ಒಪ್ಪಿಗೆಯ ಪತ್ರ ಬಂದ ಮೇಲೆ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ, ಅಲ್ಲೇ ಅಪಾಯ. ಅಚ್ಚಿಗೆ ಮುಂಚಿನ ಕರಡು (ಪ್ರೂಫ್) ಬಂದಾಗ ಎರಡು ಮೂರು ದಿನದ ಗಡುವು, ಪಠ್ಯ ನೂರು ಸಲ ಓದಿ ಬಾಯಿಪಾಠ, ಕಣ್ಣು ಇದ್ದದ್ದನ್ನು ಓದದೆ ಇರಬೇಕಾದದ್ದನ್ನು ಓದುತ್ತದೆ. ಹಳೆಯ ಸಿಂಬಲ್ ಫಾಂಟ್‌ನಲ್ಲಿ ಹಾಕಿದ ಗ್ರೀಕ್ ಮ್ಯೂ ಅಕ್ಷರ ಫಾಂಟ್ ಬದಲಾದಾಗ ಇಂಗ್ಲಿಷ್ ಎಂ ಆಗಿಬಿಡುತ್ತದೆ. 5 ಮೈಕ್ರೋಲೀಟರ್ ಚುಚ್ಚಿದ್ದು 5 ಮಿಲಿಲೀಟರ್ ಎಂದು ಅಚ್ಚಾಗುತ್ತದೆ, ಸಾವಿರ ಪಟ್ಟು ಹೆಚ್ಚು, ಎರಡು ಗ್ರಾಂ ಮೀನಿಗೆ. ಇದಕ್ಕಾಗಿ ಪ್ರೂಫನ್ನು ಇಬ್ಬರು ಕೂತು ನೋಡಬೇಕು: ಒಬ್ಬರು ಮೂಲದಿಂದ ಅಂಕಿ ಮತ್ತು ಘಟಕಗಳನ್ನು ಮಾತ್ರ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪ್ರೂಫ್‌ನಲ್ಲಿ ಬೆರಳಿಟ್ಟು ಹುಡುಕುವುದು. ಋಣ ಚಿಹ್ನೆಗಳು, ಘಾತಾಂಕಗಳು, ಕೋಷ್ಟಕದ ಸರಿದುಹೋದ ಕಾಲಮ್ಮು, ಲೇಖಕರ ಹೆಸರಿನ ಕಾಗುಣಿತ, ಅನುದಾನದ ಸಂಖ್ಯೆ. ಪುರವಣಿ ಕಡತವನ್ನು ಅನೇಕ ಕಡೆ ಯಾರೂ ತಿದ್ದುವುದಿಲ್ಲ, ಕೊಟ್ಟದ್ದೇ ಹಾಗೆ ಹೋಗುತ್ತದೆ, ಬದಿಯಲ್ಲಿ ಬರೆದ ‘ಇದನ್ನು ತೆಗೆಯಬೇಕಾ?’ ಎಂಬ ಟಿಪ್ಪಣಿ ಸಮೇತ. ಕೊನೆಗೆ ದತ್ತಾಂಶದ ಡಿಓಐಯನ್ನು (ಅದರ ಶಾಶ್ವತ ಕೊಂಡಿ), ಲಾಗಿನ್ ಆಗಿರದ ಬೇರೆ ಕಂಪ್ಯೂಟರಿನಲ್ಲಿ ಒತ್ತಿ ನೋಡಿ. ಲೇಖಕರ ಕಂಪ್ಯೂಟರಿನಲ್ಲಿ ಅದು ಯಾವಾಗಲೂ ತೆರೆಯುತ್ತದೆ.